ಹಲವು ಮತಗಳ ಮಕ್ಕಳಿಗೆ ಸಂಗೀತ ಪಾಠ

ಪಾಠಶಾಲೆಯ ಇತರ ಪಾಠಗಳಿಗೂ ಸಂಗೀತದ ಪಾಠಕ್ಕೂ ಒಂದು ಭೇದವುಂಟು. ಲೆಕ್ಕ ಬಿಡಿಸುವ ಬಾಲಕಿಯು ದೇವರ ವಿಷಯದಲ್ಲಿ ಏನನ್ನೂ ನುಡಿಯಬೇಕಾಗಿಲ್ಲ. ಹಾಡುವವಳಾದರೋ ಸ್ತುತಿಯನ್ನೂ ಬೇಡಿಕೆಯನ್ನೂ ತನ್ನ ಬಾಯಿಂದಲೇ ಉಚ್ಚರಿಸಬೇಕಾಗುತ್ತದೆ. ನಮ್ಮ ನಾಡಿನ ಸಂಗೀತದ ಬಹುಭಾಗವು ಭಕ್ತಿಯಿಂದ ಹುಟ್ಟಿದ್ದು. ಕರ್ನಾಟಕ ಸಂಗೀತವನ್ನು ಕಲಿಯುವ ಮಗುವು ಸರಳೆ, ಜಂಟಿ, ಅಲಂಕಾರಗಳನ್ನು ಮುಗಿಸಿ ಗೀತೆಗೆ ಬಂದೊಡನೆ ಗಣಪತಿಯ ಸ್ತುತಿಯನ್ನು ಹಾಡುವುದು ವಾಡಿಕೆ. ಕ್ರೈಸ್ತ ಶಾಲೆಯ ಬೆಳಗಿನ ಕೂಟದಲ್ಲಿ ಕ್ರಿಸ್ತನ ಕೀರ್ತನೆಯಿರುವುದು. ಹಿಂದೂ, ಮುಸಲ್ಮಾನ, ಕ್ರೈಸ್ತ, ಜೈನ ಮನೆಗಳ ಹೆಣ್ಣುಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತಿರುವಲ್ಲಿ ಒಬ್ಬಳು ಬಾಯಿ ತೆರೆಯದೆ ಸುಮ್ಮನಿದ್ದರೆ ಉಪಾಧ್ಯಾಯಿನಿಯು ಏನು ಮಾಡತಕ್ಕದ್ದು?

ಇದು ಬರಿಯ ಕಲ್ಪನೆಯ ಪ್ರಶ್ನೆಯಲ್ಲ. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಒಂದೇ ಮನೆಯ ಮೂವರು ಮಕ್ಕಳು ಹೊರಹಾಕಲ್ಪಟ್ಟರು. ಅವರು ಯೆಹೋವನ ಸಾಕ್ಷಿಗಳೆಂಬ ಪಂಗಡದವರು. ರಾಷ್ಟ್ರಗೀತೆಯ ಹೊತ್ತಿನಲ್ಲಿ ಮರ್ಯಾದೆಯಿಂದ ಎದ್ದು ನಿಲ್ಲುತ್ತಿದ್ದರೂ, ತಮ್ಮ ಮತವು ಒಪ್ಪದೆಂದು ಹಾಡುತ್ತಿರಲಿಲ್ಲ. 1986ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮಕ್ಕಳ ಪರವಾಗಿ ತೀರ್ಪಿತ್ತಿತು: ಗೌರವದಿಂದ ನಿಂತವರು ಅಗೌರವ ತೋರಿದಂತಾಗದು, ಅವರನ್ನು ಮರಳಿ ಶಾಲೆಗೆ ಸೇರಿಸಿಕೊಳ್ಳಬೇಕು. ಇದಲ್ಲದೆ, ಸರಕಾರದ ಮನ್ನಣೆ ಅಥವಾ ಸಹಾಯಧನ ಪಡೆದ ಶಾಲೆಯಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಮತಬೋಧೆಗಾಗಲಿ ಆರಾಧನೆಗಾಗಲಿ ಬಲಾತ್ಕರಿಸಲಾಗದೆಂದು ನಮ್ಮ ಸಂವಿಧಾನದ 28ನೆಯ ವಿಧಿಯು ಹೇಳುತ್ತದೆ.

ಹಾಗಾದರೆ ಭಕ್ತಿಯ ಹಾಡುಗಳನ್ನೆಲ್ಲ ಬಿಟ್ಟುಬಿಡಬಹುದೇ? ಬಿಟ್ಟರೆ ಪುರಂದರದಾಸರೂ ಹೋದರು, ಶಿಶುನಾಳ ಶರೀಫರೂ ಹೋದರು, ಕ್ರೈಸ್ತ ಕೀರ್ತನೆಗಳೂ ಹೋದವು. ಮಕ್ಕಳ ಕೈಗೆ ಹೊಟ್ಟು ಉಳಿಯಿತು. ಕೆಲವರು ದೇವರ ಹೆಸರನ್ನು ತೆಗೆದು ಬೇರೊಂದು ಮಾತನ್ನು ಸೇರಿಸುವರು. ಇದು ಹಾಡಿಗೂ ಅನ್ಯಾಯ, ಆ ಹಾಡನ್ನು ಪ್ರೀತಿಸುವ ಮನೆಯ ಮಗುವಿಗೂ ನೋವು.

ಮೇಲಾದ ದಾರಿಯು ಸ್ವರತಾಳಗಳಿಂದ ಆರಂಭವಾಗುತ್ತದೆ. ಸರಿಗಮಗಳಿಗೆ ಮತವಿಲ್ಲ. ಆದಿತಾಳದ ಎಂಟು ಅಕ್ಷರಗಳನ್ನು ಕೈಯಿಂದ ಎಣಿಸುವುದು ಎಲ್ಲರಿಗೂ ಸಾಧ್ಯ. ನಮ್ಮ ಶಂಕರಾಭರಣದ ಸ್ವರಗಳು ಪಾಶ್ಚಾತ್ಯರ ಮೇಜರ್ ಸ್ವರಶ್ರೇಣಿಗೆ ಸರಿಹೊಂದುತ್ತವೆ. ಇದನ್ನು ಬಲ್ಲ ಮುತ್ತುಸ್ವಾಮಿ ದೀಕ್ಷಿತರು (1775–1835) ಆಂಗ್ಲರ ವಾದ್ಯಮೇಳದ ಧಾಟಿಗಳಿಗೆ ಸಂಸ್ಕೃತದ ಮಾತುಗಳನ್ನು ಕಟ್ಟಿದರು. ಅವರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಇತ್ತ ಜರ್ಮನಿಯಿಂದ ಬಂದ ಕಿಟ್ಟೆಲರು 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ಯೆಂದು ದೇಶೀಯ ಛಂದಸ್ಸಿನಲ್ಲಿ ರಚಿಸಿದರು. ನೆರೆಮನೆಯ ದೀಪದಿಂದ ತಮ್ಮ ದೀಪವನ್ನು ಹಚ್ಚಿಕೊಂಡ ಇವರಾರೂ ತಮ್ಮ ನಂಬಿಕೆಯನ್ನು ಬಿಟ್ಟವರಲ್ಲ.

ಬಳಿಕ ಸಾಹಿತ್ಯ. ಹಾಡನ್ನು ಬಾಯಿಪಾಠ ಮಾಡಿಸುವ ಮೊದಲು ಅದನ್ನು ಕಟ್ಟಿದವರಾರು, ಯಾವ ಜನರು ಯಾವ ಹೊತ್ತಿನಲ್ಲಿ ಹಾಡುವರು ಎಂಬುದನ್ನು ಹೇಳಬೇಕು. ಶರೀಫರು (1819–1889) ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಬ್ರಾಹ್ಮಣರಾದ ಗೋವಿಂದಭಟ್ಟರನ್ನು ಗುರುವೆಂದು ನಂಬಿದವರೆಂದು ತಿಳಿದ ಮಗುವು ಅವರ ತತ್ತ್ವಪದವನ್ನು ಬೇರೆಯೇ ಕಿವಿಯಿಂದ ಕೇಳುವಳು. ಒಂದು ಜನರ ಭಕ್ತಿಯನ್ನು ಅರಿಯುವುದು ಬೇರೆ, ಆ ಭಕ್ತಿಯನ್ನು ತಾನೇ ಅರ್ಪಿಸುವುದು ಬೇರೆ. ಮೊದಲನೆಯದನ್ನು ಶಾಲೆಯು ಎಲ್ಲರಿಗೂ ಕಲಿಸಬಹುದು. ಎರಡನೆಯದು ಮಗುವಿನ ಮನಸ್ಸಿಗೂ ಮನೆಗೂ ಬಿಟ್ಟದ್ದು.

ಆದುದರಿಂದ, ಮಾತನ್ನು ಹಾಡಲೊಲ್ಲದ ಬಾಲಕಿಗೆ ತಂಬೂರಿಯನ್ನು ಕೊಡಿರಿ, ತಾಳ ಹಾಕಲು ಹೇಳಿರಿ, ಸ್ವರವನ್ನೇ ಹಾಡಲಿ. ವಾದ್ಯವನ್ನು ಒಪ್ಪದ ಮನೆಯ ಮಗುವಿಗೆ ಕೈಚಪ್ಪಾಳೆಯೂ ಕಂಠವೂ ಉಂಟು. ಅವಳನ್ನು ಹೊರಗೆ ನಿಲ್ಲಿಸಬಾರದು, ಕಾರಣವನ್ನು ಎಲ್ಲರೆದುರು ಕೇಳಲೂಬಾರದು.

ಇನ್ನೊಂದು ತಪ್ಪನ್ನು ಒಳ್ಳೆಯ ಮನಸ್ಸಿನವರೇ ಮಾಡುವುದುಂಟು. ತರಗತಿಯಲ್ಲಿರುವ ಒಬ್ಬಳೇ ಮುಸಲ್ಮಾನ ಹುಡುಗಿಯನ್ನು ಎಬ್ಬಿಸಿ, “ನಿಮ್ಮವರ ಹಾಡೊಂದನ್ನು ಹಾಡಮ್ಮಾ” ಎನ್ನುವರು. ಪಾಪ, ಹದಿಮೂರು ವರುಷದ ಮಗುವು ಇಡೀ ಮತದ ಪರವಾಗಿ ನಿಲ್ಲಬೇಕಾಗುತ್ತದೆ! ಇದಕ್ಕಿಂತ, “ನಿಮ್ಮ ಮನೆಯಲ್ಲಿ ಅಜ್ಜಿ ಯಾವ ಹಾಡು ಹೇಳುವರು, ಕೇಳಿಕೊಂಡು ಬನ್ನಿರಿ” ಎಂದು ಎಲ್ಲರಿಗೂ ಹೇಳುವುದು ಲೇಸು. ಆಗ ಒಬ್ಬಳು ಬೀಸುವ ಕಲ್ಲಿನ ಪದವನ್ನು ತರುವಳು, ಒಬ್ಬಳು ಸೋಬಾನೆಯನ್ನು. ಮಂಗಳೂರು ಕಡೆಯ ಕ್ರೈಸ್ತರವಳು ಮದುವೆಯ ರೋಸಿನ ಕೊಂಕಣಿ ವೊವಿಗಳನ್ನು. ಉತ್ತರ ಕರ್ನಾಟಕದವಳು ಮೊಹರಮ್ಮಿನ ರಿವಾಯತ ಪದವನ್ನು. ಜೋಗುಳವಂತೂ ಪ್ರತಿಯೊಂದು ಮನೆಯಲ್ಲಿಯೂ ಉಂಟು.

ಮಾತೆಯರೇ, ಪಿತೃಗಳೇ, ಇದರಲ್ಲಿ ನಿಮ್ಮ ಪಾಲೂ ಇದೆ. ಒಂದೇ ಮತದ ಎರಡು ಮನೆಗಳು ಒಂದೇ ತೆರನಾಗಿರುವುದಿಲ್ಲ. ನೀವು ಹೇಳದೆ ಉಪಾಧ್ಯಾಯಿನಿಗೆ ತಿಳಿಯಲಾರದು. ಯಾವುದು ಒಪ್ಪಿಗೆ, ಯಾವುದು ಒಲ್ಲೆಂಬುದನ್ನು ವರುಷದ ಆರಂಭದಲ್ಲಿಯೇ ಬಂದು ತಿಳಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ಅಂದು ನಿಮ್ಮ ಪಕ್ಕದಲ್ಲಿ ಸುಮ್ಮನೆ ನಿಂತ ಗೆಳತಿಯೊಬ್ಬಳು ನೆನಪಿಗೆ ಬಂದರೆ, ಅವಳಿಗೆ ಒಂದು ಕಾಗದ ಬರೆಯಿರಿ. ಅವಳ ಮನೆಯ ಹಾಡು ಯಾವುದಿತ್ತೆಂದು ಈಗಲಾದರೂ ಕೇಳಿರಿ.