ನೋಂದಣಿ ಅವಧಿ ಮುಗಿದ ವಾಹನ: ದಸ್ತಗಿರಿ ಯಾವಾಗ, ಜಪ್ತಿ ಯಾವಾಗ?



ಎತ್ತು ಕೊಳ್ಳುವಾಗ ನಾವು ಹಲ್ಲು ನೋಡಿ ವಯಸ್ಸು ತಿಳಿಯುತ್ತೇವೆ. ಮೋಟಾರ್ ಬೈಕಿಗಾಗಲಿ ಟ್ರ್ಯಾಕ್ಟರಿಗಾಗಲಿ ಹಲ್ಲಿಲ್ಲ. ಅದರ ವಯಸ್ಸನ್ನು ಹೇಳುವುದು ನೋಂದಣಿ ಪತ್ರ. ಆದರೆ ಆ ಪತ್ರವನ್ನು ಒಮ್ಮೆ ಪೆಟ್ಟಿಗೆಯಲ್ಲಿಟ್ಟ ಮೇಲೆ ಅದರ ಮೇಲಿನ ತಾರೀಖನ್ನು ಮತ್ತೆ ಓದುವವರು ಕಡಮೆ. ಗಾಡಿ ಚೆನ್ನಾಗಿ ಓಡುತ್ತಿದೆ, ಇನ್ನೇನು ಬೇಕು ಎಂದುಕೊಳ್ಳುತ್ತೇವೆ. ಸಂತೆಯ ದಾರಿಯಲ್ಲಿ ಪೊಲೀಸರು ತಡೆದು "ಇದರ ಅವಧಿ ಮುಗಿದಿದೆಯಲ್ಲ" ಎಂದಾಗ ಎದೆ ಹಾರುತ್ತದೆ. ಜೈಲಿಗೆ ಹಾಕುತ್ತಾರೆಂಬ ಭಯದಿಂದ ಕೆಲವರು ಗಾಡಿ ತಿರುಗಿಸಿ ಓಡುತ್ತಾರೆ. ಕೆಲವರು ಸುಳ್ಳು ಹೆಸರು ಹೇಳುತ್ತಾರೆ. ಚಿಕ್ಕ ತಪ್ಪು ದೊಡ್ಡದಾಗುವುದು ಹೀಗೆಯೇ. ಆದುದರಿಂದ ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

೧. ನೋಂದಣಿಗೂ ಅವಧಿಯುಂಟು

ಜಮೀನಿಗೆ ಪಹಣಿ ಇದ್ದಂತೆ ವಾಹನಕ್ಕೆ ನೋಂದಣಿ ಪತ್ರ. ಇದನ್ನೇ ನಾವು ಆರ್.ಸಿ. ಎನ್ನುತ್ತೇವೆ. ಮೊದಲು ೧೯೩೯ರ ಮೋಟಾರು ವಾಹನ ಕಾನೂನು ಇದ್ದಿತು. ಅದರ ಬದಲು ೧೯೮೮ರ ಕಾನೂನು ೧೯೮೯ರ ಜುಲೈ ೧ರಿಂದ ದೇಶದಲ್ಲೆಲ್ಲ ಜಾರಿಗೆ ಬಂದಿತು. ಇದರ ೩೯ನೆಯ ಕಲಮಿನ ಪ್ರಕಾರ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ಯಾರೂ ಓಡಿಸಕೂಡದು. ಮಾಲೀಕನು ಇತರರಿಗೆ ಓಡಿಸಲು ಕೊಡಲೂ ಕೂಡದು.

ಸ್ವಂತ ಉಪಯೋಗದ ಬೈಕು, ಕಾರು ಮತ್ತು ಬೇಸಾಯದ ಟ್ರ್ಯಾಕ್ಟರುಗಳ ನೋಂದಣಿ ೧೫ ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ಆಮೇಲೆ ಅದನ್ನು ನವೀಕರಿಸಬೇಕು. ನವೀಕರಣವು ಸಾಮಾನ್ಯವಾಗಿ ೫ ವರ್ಷಗಳಿಗೆ ದೊರೆಯುತ್ತದೆ.

ಬಾಡಿಗೆಗೆ ಓಡಿಸುವ ಗೂಡ್ಸ್ ಆಟೋ, ಟೆಂಪೋ, ಲಾರಿಗಳ ಲೆಕ್ಕ ಬೇರೆ. ಅವಕ್ಕೆ ಯೋಗ್ಯತಾ ಪತ್ರ, ಅಂದರೆ ಎಫ್.ಸಿ. ಇರಬೇಕು. ಹೊಸ ವಾಹನಕ್ಕೆ ೨ ವರ್ಷ, ಬಳಿಕ ವಾಹನಕ್ಕೆ ೮ ವರ್ಷ ತುಂಬುವ ತನಕ ೨ ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಈ ಪತ್ರವನ್ನು ಪಡೆಯಬೇಕು. ಎಫ್.ಸಿ. ಇಲ್ಲದ ಇಂಥ ವಾಹನವನ್ನು ೫೬ನೆಯ ಕಲಮು ಸರಿಯಾಗಿ ನೋಂದಣಿಯಾದ ವಾಹನವೆಂದು ಎಣಿಸುವುದೇ ಇಲ್ಲ. ಆರ್.ಸಿ. ಕೈಯಲ್ಲಿದ್ದರೂ ಎಫ್.ಸಿ. ತಪ್ಪಿದರೆ ನೋಂದಣಿ ತಪ್ಪಿದಂತೆಯೇ ಸರಿ.

೨. ಅವಧಿ ಮುಗಿದ ಮಾತ್ರಕ್ಕೆ ದಸ್ತಗಿರಿ ಉಂಟೇ?

ಇಲ್ಲ. ಇದೇ ಈ ಪಾಠದ ಮುಖ್ಯ ಮಾತು. ವಾರಂಟಿಲ್ಲದೆ ಪೊಲೀಸರು ಯಾವಾಗ ದಸ್ತಗಿರಿ ಮಾಡಬಹುದೆಂಬುದನ್ನು ಇದೇ ಕಾನೂನಿನ ೨೦೨ನೆಯ ಕಲಮು ಹೇಳಿದೆ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯ ಕಣ್ಣೆದುರಿಗೆ ಮೂರು ತಪ್ಪುಗಳಲ್ಲಿ ಯಾವುದಾದರೂ ನಡೆದರೆ ಹಿಡಿಯಬಹುದು: ಅಪಾಯಕಾರಿಯಾಗಿ ಓಡಿಸುವುದು, ಕುಡಿದು ಓಡಿಸುವುದು, ಪರರ ವಾಹನವನ್ನು ಅಪ್ಪಣೆಯಿಲ್ಲದೆ ಒಯ್ಯುವುದು. ನೋಂದಣಿ ಮುಗಿದಿರುವುದು ಈ ಪಟ್ಟಿಯಲ್ಲಿ ಸೇರಿಲ್ಲ.

ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಈ ಕಾನೂನಿನ ಯಾವುದೇ ತಪ್ಪು ಮಾಡಿದವನು ತನ್ನ ಹೆಸರು, ವಿಳಾಸಗಳನ್ನು ಹೇಳಲು ನಿರಾಕರಿಸಿದರೆ ಅವನನ್ನು ವಾರಂಟಿಲ್ಲದೆ ದಸ್ತಗಿರಿ ಮಾಡಬಹುದು. ಜುಲ್ಮಾನೆಯಲ್ಲಿ ಮುಗಿಯಬಹುದಾಗಿದ್ದ ಸಂಗತಿ ಬಾಯಿ ಬಿಗಿಹಿಡಿದುದರಿಂದ ಠಾಣೆಯವರೆಗೆ ಹೋಗುತ್ತದೆ. ಗಾಬರಿಯಿಂದ ಗಾಡಿ ತಿರುಗಿಸಿ ಜನರ ನಡುವೆ ನುಗ್ಗಿಸಿದರೆ ಅದು ಅಪಾಯಕಾರಿ ಚಾಲನೆಯಾಗಿ ಮೇಲಿನ ಮೂರರಲ್ಲಿ ಒಂದಾಗುತ್ತದೆ.

ಮತ್ತೊಂದು ದಾರಿಯೂ ಇದೆ. ಪ್ರಕರಣ ಕೋರ್ಟಿಗೆ ಹೋಗಿ ಸಮನ್ಸು ಬಂದರೆ ಕೆಲವರು ಅದನ್ನು ಸೂರಿಗೆ ಸಿಕ್ಕಿಸಿ ಮರೆತುಬಿಡುತ್ತಾರೆ. ಕರೆದ ದಿನ ಹಾಜರಾಗದಿದ್ದರೆ ನ್ಯಾಯಾಧೀಶರು ವಾರಂಟು ಹೊರಡಿಸಬಹುದು. ಆಗ ಪೊಲೀಸರು ಮನೆಯ ಬಾಗಿಲಿಗೇ ಬರುತ್ತಾರೆ.

ಆದುದರಿಂದ ತಡೆದಲ್ಲಿ ಗಾಡಿ ನಿಲ್ಲಿಸಿರಿ. ಮರ್ಯಾದೆಯಿಂದ ನಿಜವಾದ ಹೆಸರು, ಊರು ಹೇಳಿರಿ. ಜುಲ್ಮಾನೆ ಕಟ್ಟಿದರೆ ರಸೀದಿ ಪಡೆಯಿರಿ. ಸಮನ್ಸು ಬಂದರೆ ಅದರಲ್ಲಿ ಕಾಣಿಸಿದ ದಿನ ತಪ್ಪದೆ ಹೋಗಿರಿ.

ಕಾಗದ ಮನೆಯಲ್ಲಿರುವುದಕ್ಕೂ ಕಾಗದದ ಅವಧಿ ಮುಗಿದಿರುವುದಕ್ಕೂ ವ್ಯತ್ಯಾಸವುಂಟು. ಅವಧಿ ಇರುವ ಪತ್ರ ಮನೆಯಲ್ಲಿ ಉಳಿದಿದ್ದರೆ ಆಮೇಲೆ ತೋರಿಸಲು ನಿಯಮಗಳಲ್ಲಿ ಅವಕಾಶವಿದೆ. ೨೦೧೮ರಿಂದ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ಮೊಬೈಲಿನಲ್ಲಿ ತೋರಿಸುವ ಪತ್ರವೂ ಸಲ್ಲುತ್ತದೆ. ಅವಧಿ ಮುಗಿದ ಪತ್ರವನ್ನು ಕಾಗದದಲ್ಲಿ ತೋರಿಸಿದರೂ ಮೊಬೈಲಿನಲ್ಲಿ ತೋರಿಸಿದರೂ ತಪ್ಪು ಒಂದೇ.

೩. ಶಿಕ್ಷೆ ಎಷ್ಟು?

೧೯೨ನೆಯ ಕಲಮಿನಂತೆ ಮೊದಲ ತಪ್ಪಿಗೆ ೨,೦೦೦ ರೂಪಾಯಿಗೆ ಕಡಮೆಯಿಲ್ಲದೆ ೫,೦೦೦ ರೂಪಾಯಿವರೆಗೆ ಜುಲ್ಮಾನೆ. ಅದೇ ತಪ್ಪನ್ನು ಮತ್ತೆ ಮಾಡಿದರೆ ೫,೦೦೦ದಿಂದ ೧೦,೦೦೦ ರೂಪಾಯಿವರೆಗೆ ಜುಲ್ಮಾನೆ, ಇಲ್ಲವೆ ಒಂದು ವರ್ಷದವರೆಗೆ ಸಜೆ, ಇಲ್ಲವೆ ಎರಡೂ. ಮೊದಲ ತಪ್ಪಿಗೆ ಸಜೆಯಿಲ್ಲ, ಎರಡನೆಯದಕ್ಕೆ ಉಂಟು ಎಂಬುದನ್ನು ಗಮನಿಸಿರಿ. ಒಮ್ಮೆ ಜುಲ್ಮಾನೆ ಕಟ್ಟಿದರೆ ನೋಂದಣಿ ನವೀಕರಣವಾದಂತೆ ಆಗುವುದಿಲ್ಲ.

ವಿಮೆಯೂ ಇಲ್ಲದಿದ್ದರೆ ಅದು ಬೇರೆಯೇ ತಪ್ಪು. ೧೯೬ನೆಯ ಕಲಮಿನ ಪ್ರಕಾರ ಅದಕ್ಕೆ ಮೊದಲ ಸಲವೇ ಮೂರು ತಿಂಗಳವರೆಗೆ ಸಜೆ, ಅಥವಾ ೨,೦೦೦ ರೂಪಾಯಿ ಜುಲ್ಮಾನೆ, ಅಥವಾ ಎರಡೂ ಆಗಬಹುದು.

೪. ಹಿಡಿಯುವುದು ವಾಹನವನ್ನು

ಸವಾರನನ್ನು ಬಿಟ್ಟರೂ ವಾಹನವನ್ನು ಬಿಡಬೇಕೆಂದಿಲ್ಲ. ೩೯ನೆಯ ಕಲಮಿಗೆ ವಿರುದ್ಧವಾಗಿ ಓಡುತ್ತಿರುವ ವಾಹನವನ್ನು ಜಪ್ತಿ ಮಾಡಿ ಇಟ್ಟುಕೊಳ್ಳುವ ಅಧಿಕಾರವನ್ನು ೨೦೭ನೆಯ ಕಲಮು ಕೊಟ್ಟಿದೆ. ಸುಗ್ಗಿಯ ದಿನಗಳಲ್ಲಿ ಟ್ರ್ಯಾಕ್ಟರು ಠಾಣೆಯ ಅಂಗಳದಲ್ಲಿ ನಿಂತರೆ ಆಗುವ ನಷ್ಟವನ್ನು ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಾಹನವನ್ನು ಬಿಡಿಸಿಕೊಳ್ಳಲು ಮಾಲೀಕನು ಸಂಬಂಧಪಟ್ಟ ಕಾಗದಗಳೊಡನೆ ಸಾರಿಗೆ ಅಧಿಕಾರಿಗೆ, ಇಲ್ಲವೆ ಅದಕ್ಕೆ ಅಧಿಕಾರವುಳ್ಳ ಇತರ ಅಧಿಕಾರಿಗೆ ಅರ್ಜಿ ಕೊಡಬೇಕು. ಜಪ್ತಿಯಾದಾಗ ಬರಹದಲ್ಲಿ ರಸೀದಿ ಕೇಳಿ ಪಡೆದಿಟ್ಟುಕೊಂಡರೆ ಮುಂದೆ ಅನುಕೂಲ.

೫. ವಿಮೆಯ ಹಣಕ್ಕೂ ಕುತ್ತು

ಜುಲ್ಮಾನೆಗಿಂತ ದೊಡ್ಡ ಪೆಟ್ಟು ಬೀಳುವುದು ಇಲ್ಲಿ. ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ನೋಡೋಣ. ಎರಡೂ ಹೊಸ ವಾಹನಕ್ಕೆ ಕೊಡುವ ತಾತ್ಕಾಲಿಕ ನೋಂದಣಿಗೆ ಸೇರಿದವು.

ಒಂದು ಸರಕು ವಾಹನದ ತಾತ್ಕಾಲಿಕ ನೋಂದಣಿ ೨೦೦೬ರ ಜನವರಿ ೧೧ಕ್ಕೆ ಮುಗಿದಿತ್ತು. ಫೆಬ್ರವರಿ ೨ರಂದು ಅದು ಅಪಘಾತಕ್ಕೀಡಾಯಿತು. ವಿಮೆ ಇದ್ದರೂ ನೋಂದಣಿಯಿಲ್ಲದೆ ರಸ್ತೆಗಿಳಿಸಿದ್ದು ವಿಮೆಯ ಕರಾರಿನ ಮೂಲಭೂತ ಭಂಗವೆಂದು ಕೋರ್ಟು ೨೦೧೪ರಲ್ಲಿ ಹೇಳಿತು. ಮಾಲೀಕನಿಗೆ ಹಣ ದೊರೆಯಲಿಲ್ಲ.

ಇನ್ನೊಂದು ಹೊಸ ಬೊಲೆರೊ ವಾಹನದ ತಾತ್ಕಾಲಿಕ ನೋಂದಣಿ ೨೦೧೧ರ ಜುಲೈ ೧೯ಕ್ಕೆ ಮುಗಿದಿತ್ತು. ಅದೇ ತಿಂಗಳ ೨೮ರ ರಾತ್ರಿ ಅದು ಜೋಧಪುರದಲ್ಲಿ ಕಳುವಾಯಿತು. ನಿಲ್ಲಿಸಿದ್ದ ವಾಹನ ಕಳುವಾದುದಾದರೂ, ಅವಧಿ ಮುಗಿದ ಮೇಲೆ ಅಷ್ಟು ದೂರ ಓಡಿಸಿಕೊಂಡು ಹೋದುದೇ ಕರಾರಿನ ಭಂಗವೆಂದು ೨೦೨೧ರಲ್ಲಿ ತೀರ್ಪಾಯಿತು. ಕೆಲವೇ ದಿನಗಳ ಅಲಕ್ಷ್ಯದಿಂದ ಇಡೀ ವಾಹನದ ಬೆಲೆ ಹೋಯಿತು. ಸಾಲ ಮಾಡಿ ವಾಹನ ಕೊಂಡವರು ಇದನ್ನು ಚೆನ್ನಾಗಿ ಮನಗಾಣಬೇಕು.

೬. ರೋಗಿಯನ್ನು ಸಾಗಿಸುವಾಗ

ನಡುರಾತ್ರಿಯಲ್ಲಿ ಹೆರಿಗೆ ನೋವು ಬಂದಿದೆ, ಅಥವಾ ಒಬ್ಬರಿಗೆ ಹಾವು ಕಚ್ಚಿದೆ. ಮನೆಯಲ್ಲಿರುವುದು ನೋಂದಣಿ ಮುಗಿದ ಗಾಡಿ. ಆಗ ಹಿಂದೆಮುಂದೆ ನೋಡಬೇಕಾಗಿಲ್ಲ. ರೋಗಿಗಳನ್ನೂ ಗಾಯಗೊಂಡವರನ್ನೂ ತುರ್ತಾಗಿ ಸಾಗಿಸಲು, ಮತ್ತು ಸಂಕಟದಲ್ಲಿರುವವರಿಗೆ ಆಹಾರ, ಔಷಧಿ ಒಯ್ಯಲು ವಾಹನ ಬಳಸಿದರೆ ೧೯೨ನೆಯ ಕಲಮಿನ ಶಿಕ್ಷೆ ಅನ್ವಯಿಸುವುದಿಲ್ಲ. ಆದರೆ ಹಾಗೆ ಬಳಸಿದವರು ೭ ದಿನಗಳೊಳಗೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಆಸ್ಪತ್ರೆಯ ಚೀಟಿಯನ್ನು ಜೋಪಾನವಾಗಿಟ್ಟುಕೊಳ್ಳಿರಿ.

೭. ನವೀಕರಣದ ಕ್ರಮ

ಅವಧಿ ಮುಗಿಯುವುದಕ್ಕೆ ೬೦ ದಿನ ಮುಂಚಿನಿಂದ ಅರ್ಜಿ ಸಲ್ಲಿಸಬಹುದು. ಇದಕ್ಕೆ ೨೫ನೆಯ ನಮೂನೆ ಎಂಬ ಅರ್ಜಿಯುಂಟು. ವಾಹನವನ್ನು ಆರ್.ಟಿ.ಓ. ಕಚೇರಿಯವರ ತಪಾಸಣೆಗೆ ಒಯ್ಯಬೇಕು. ಅದಕ್ಕೆ ಮುಂಚೆ ದೀಪ, ಬ್ರೇಕು, ಹಾರನ್ನು, ಟೈರುಗಳನ್ನು ಸರಿಪಡಿಸಿರಿ. ವಿಮೆ ಮತ್ತು ಹೊಗೆ ತಪಾಸಣೆಯ ಪತ್ರಗಳು ಚಾಲ್ತಿಯಲ್ಲಿರಲಿ. ತೆರಿಗೆ ಬಾಕಿಯಿದ್ದರೆ ಮೊದಲು ತೀರಿಸಿರಿ.

೨೦೨೨ರ ಏಪ್ರಿಲ್ ೧ರಿಂದ ೧೫ ವರ್ಷ ತುಂಬಿದ ಬೈಕಿನ ನವೀಕರಣ ಶುಲ್ಕ ೧,೦೦೦ ರೂಪಾಯಿ, ಕಾರಿನದು ೫,೦೦೦ ರೂಪಾಯಿ ಎಂದು ನಿಗದಿಯಾಯಿತು. ೨೦೨೫ರ ಆಗಸ್ಟಿನಲ್ಲಿ ೨೦ ವರ್ಷ ಮೀರಿದ ವಾಹನಗಳಿಗೆ ಇದನ್ನು ಇಮ್ಮಡಿ ಮಾಡಲಾಯಿತು. ತಡಮಾಡಿದರೆ ೨೦೨೨ರ ನಿಯಮದಂತೆ ಬೈಕಿಗೆ ತಿಂಗಳಿಗೆ ೩೦೦ ರೂಪಾಯಿ, ಸ್ವಂತ ಉಪಯೋಗದ ಇತರ ವಾಹನಗಳಿಗೆ ತಿಂಗಳಿಗೆ ೫೦೦ ರೂಪಾಯಿ ಹೆಚ್ಚುವರಿ ಬೀಳುತ್ತದೆ. ಲೆಕ್ಕ ಹಾಕಿ ನೋಡಿರಿ: ಎರಡು ವರ್ಷ ಮರೆತ ಬೈಕಿಗೆ ೨೪ ತಿಂಗಳಿಗೆ ೭,೨೦೦ ರೂಪಾಯಿ. ಹಳೆಯ ಬೈಕಿನ ಬೆಲೆಯೇ ಅಷ್ಟಿರಲಾರದು!

ಗಾಡಿ ಇನ್ನು ಓಡಲಾರದಷ್ಟು ಕೆಟ್ಟಿದ್ದರೆ ಹಿತ್ತಲಲ್ಲಿ ಬಿಟ್ಟು ಸುಮ್ಮನಾಗಬೇಡಿರಿ. ೧೪ ದಿನಗಳೊಳಗೆ, ಆಗದಿದ್ದರೆ ಆದಷ್ಟು ಬೇಗ, ಆರ್.ಟಿ.ಓ. ಕಚೇರಿಗೆ ತಿಳಿಸಿ ಆರ್.ಸಿ. ಒಪ್ಪಿಸಿ ನೋಂದಣಿ ರದ್ದು ಮಾಡಿಸಿರಿ.

ಹಳೆಯ ಗಾಡಿ ಕೊಳ್ಳುವವರು ಬೆಲೆ ಮಾತಾಡುವುದಕ್ಕೆ ಮುಂಚೆ ಆರ್.ಸಿ.ಯ ತಾರೀಖು ನೋಡಬೇಕು. ರಾಜ್ಯದೊಳಗೆ ಮಾರಿದವರು ೧೪ ದಿನಗಳಲ್ಲಿ, ಕೊಂಡವರು ೩೦ ದಿನಗಳಲ್ಲಿ ವರ್ಗಾವಣೆಯನ್ನು ತಿಳಿಸಬೇಕು. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ತೀರ್ಮಾನಿಸಿದೆ. ಬಾಯಿಮಾತಿನ ಮಾರಾಟ ಮಾರಿದವರಿಗೇ ಉರುಳಾದೀತು.

೮. ಒಂದು ವೇಳೆ ದಸ್ತಗಿರಿಯಾದರೆ

ಆಗಲೂ ಧೈರ್ಯಗೆಡಬಾರದು. ಕಾರಣವನ್ನು ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ೨೪ ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ನಮ್ಮ ಸಂವಿಧಾನದ ೨೨ನೆಯ ವಿಧಿ ಹೇಳುತ್ತದೆ. ಮನೆಯವರಿಗೆ ಸುದ್ದಿ ಮುಟ್ಟಿಸುವುದೂ ಪೊಲೀಸರ ಕರ್ತವ್ಯ. ನೋಂದಣಿಯ ತಪ್ಪು ಜಾಮೀನು ದೊರೆಯುವ ತಪ್ಪು. ಜಾಮೀನು ಕೇಳುವುದು ನಿಮ್ಮ ಹಕ್ಕು. ೧೯೮೭ರ ಕಾನೂನಿನಂತೆ ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ಕಾನೂನು ನೆರವು ದೊರೆಯುತ್ತದೆ. ಇದಕ್ಕಾಗಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು, ಅಥವಾ ೧೫೧೦೦ ಸಂಖ್ಯೆಗೆ ಫೋನು ಮಾಡಬಹುದು.

ಬಂಧುಗಳೇ, ಇಂದು ಸಂಜೆಯೇ ಪೆಟ್ಟಿಗೆಯಿಂದ ಆರ್.ಸಿ. ತೆಗೆದು ತಾರೀಖು ಓದಿರಿ. ಓದು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಲಿ. ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಅದಕ್ಕೆ ಎರಡು ತಿಂಗಳು ಮುಂಚಿನ ಪುಟದಲ್ಲಿ, ಗುರುತು ಹಾಕಿರಿ.

ಯುವಕ ಸಂಘ, ಮಹಿಳಾ ಸಂಘಗಳಲ್ಲಿ ಚರ್ಚಿಸಲು ಪ್ರಶ್ನೆಗಳು

೧. ನೋಂದಣಿ ಮುಗಿದ ಬೈಕಿನ ಸವಾರನನ್ನು ವಾರಂಟಿಲ್ಲದೆ ಯಾವ ಸಂದರ್ಭಗಳಲ್ಲಿ ದಸ್ತಗಿರಿ ಮಾಡಬಹುದು?
೨. ಮೊದಲ ತಪ್ಪಿಗೂ ಎರಡನೆಯ ತಪ್ಪಿಗೂ ಶಿಕ್ಷೆಯಲ್ಲಿ ಇರುವ ವ್ಯತ್ಯಾಸವೇನು?
೩. ಅವಧಿ ಮುಗಿದ ಗಾಡಿಯಲ್ಲಿ ರೋಗಿಯನ್ನು ಸಾಗಿಸಿದ ಮೇಲೆ ಏನು ಮಾಡಬೇಕು?
೪. ನಮ್ಮ ಊರಿನಲ್ಲಿ ೧೫ ವರ್ಷ ತುಂಬಿದ ವಾಹನಗಳು ಎಷ್ಟಿವೆ? ಅವುಗಳಲ್ಲಿ ನವೀಕರಣವಾದವು ಎಷ್ಟು?