ಲೇಖನಕ್ಕೊಂದು ಅಳಿಸಲಾಗದ ತಾರೀಖು

ಲಿಂಗಸುಗೂರಿನಲ್ಲಿ ಇತಿಹಾಸ ಪಾಠ ಮಾಡುತ್ತ, ಮುದಗಲ್ಲು-ಮಸ್ಕಿ ಸೀಮೆಯ ಶಾಸನಗಳ ಮೇಲೆ ಬರೆಯುತ್ತ ಬಂದಿದ್ದೇನೆ. ಸಂಶೋಧನ ಲೇಖನಗಳನ್ನು, ಬರೆದದ್ದು ಅಳಿಯದ ಡಿಜಿಟಲ್ ಸರಪಳಿಯಾದ ಬ್ಲಾಕ್‌ಚೈನ್‌ನಲ್ಲಿ ದಾಖಲಿಸುವ ರೂಢಿಯಿಂದ ಕಲಿತದ್ದನ್ನು, ನನ್ನಂಥ ತಾಲ್ಲೂಕು ಕೇಂದ್ರದ ಅಧ್ಯಾಪಕರಿಗಾಗಿ ಇಲ್ಲಿ ಬರೆದಿದ್ದೇನೆ.

1. ಮೊದಲು ರೋಗ ಯಾವುದೆಂದು ತಿಳಿಯಿರಿ.

'ಮೂರೇ ದಿನದಲ್ಲಿ ಪ್ರಕಟಣೆ, ಐಎಸ್‌ಎಸ್‌ಎನ್ ಇದೆ, ಸರ್ಟಿಫಿಕೇಟ್ ಕೊಡುತ್ತೇವೆ' ಎಂಬ ಸಂದೇಶ ಬಾರದ ಅಧ್ಯಾಪಕರ ವಾಟ್ಸ್‌ಆ್ಯಪ್ ಗುಂಪು ಇರಲಿಕ್ಕಿಲ್ಲ. ಐಎಸ್‌ಎಸ್‌ಎನ್ ಪತ್ರಿಕೆಯನ್ನು ಗುರುತಿಸುವ ಒಂದು ಸಂಖ್ಯೆ ಅಷ್ಟೇ. ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಯುಜಿಸಿಯ ಅಂಗೀಕೃತ ಪಟ್ಟಿಗೆ ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ್ದ 1,009 ಪತ್ರಿಕೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2018ರಲ್ಲಿ 'ಕರೆಂಟ್ ಸೈನ್ಸ್'ನಲ್ಲಿ ಬಂತು. ಶೇ 88ರಷ್ಟು ಕಳಪೆ ಎಂದು ಅದು ಹೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕೈಬಿಟ್ಟಿತು. ಆಮೇಲೆ ಬಂದ ಕೇರ್ ಪಟ್ಟಿಯೂ 2025ರ ಫೆಬ್ರುವರಿಯಲ್ಲಿ ನಿಂತಿತು. ಪತ್ರಿಕೆ ಎಂಥದೆಂದು ನಿರ್ಧರಿಸುವ ಹೊಣೆ ಈಗ ಕಾಲೇಜು, ವಿಶ್ವವಿದ್ಯಾಲಯಗಳ ಮೇಲಿದೆ. ಆದರೆ ಪರಾಮರ್ಶೆ (ಪಿಯರ್ ರಿವ್ಯೂ) ನಡೆದಿದೆ ಅನ್ನುವುದಕ್ಕೆ ಬಹಳ ಕಡೆ ಪತ್ರಿಕೆಯವರ ಬಾಯಿಮಾತೇ ಆಧಾರ.

ಇನ್ನೊಂದು ರೋಗವೂ ಉಂಟು. ಲೇಖನ ತಿಂಗಳುಗಟ್ಟಲೆ ಪರಾಮರ್ಶಕರ ಬಳಿ ಕೂತು, ತಿರಸ್ಕೃತವಾಗಿ ಮರಳುತ್ತದೆ; ಅದರೊಳಗಿನ ಶಾಸನಪಾಠ ಬೇರೊಬ್ಬರ ಲೇಖನದಲ್ಲಿ ಕಾಣಿಸಿಕೊಳ್ಳುತ್ತದೆ. ನನಗೂ ಹಾಗಾಗಿದೆ. 'ಇದು ಮೊದಲು ನಾನು ಓದಿದ್ದು' ಎಂದು ತೋರಿಸಲು ಆಗ ನನ್ನ ಕೈಯಲ್ಲಿ ಏನೂ ಇರಲಿಲ್ಲ.

2. ಲೇಖನ ಬೇಡ, ಅದರ ಹ್ಯಾಶ್ ಸಾಕು.

ಎಸ್‌ಎಚ್‌ಎ-256 ಎಂಬ ಲೆಕ್ಕಾಚಾರಕ್ಕೆ ಯಾವ ಕಡತ ಕೊಟ್ಟರೂ 64 ಅಕ್ಷರ-ಅಂಕಿಗಳ ಒಂದು ಸಾಲು ಹೊರಬರುತ್ತದೆ; ಅದೇ ಹ್ಯಾಶ್. ಒಂದು ಒತ್ತಕ್ಷರ ಬದಲಾದರೂ ಸಾಲು ಪೂರ್ತಿ ಬೇರೆ. ಆ ಸಾಲಿನಿಂದ ಲೇಖನವನ್ನು ಮರಳಿ ಪಡೆಯಲಾಗದು, ಹಾಗಾಗಿ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಓಪನ್‌ಟೈಮ್‌ಸ್ಟ್ಯಾಂಪ್ಸ್‌ನಂಥ ಉಚಿತ ಸೇವೆ ಆ ಹ್ಯಾಶನ್ನು ತಾರೀಖಿನ ಸಮೇತ ಬಿಟ್‌ಕಾಯಿನ್ ಸರಪಳಿಗೆ ಕಟ್ಟಿಕೊಡುತ್ತದೆ. ಕಡತಕ್ಕೆ ಹೀಗೆ ತಾರೀಖು ಕಟ್ಟುವ ವಿಚಾರವನ್ನು ಹೇಬರ್ ಮತ್ತು ಸ್ಟಾರ್ನೆಟ್ಟಾ ಎಂಬ ಸಂಶೋಧಕರು 1991ರಲ್ಲೇ ಮಂಡಿಸಿದ್ದರು. 1995ರಿಂದ ನ್ಯೂಯಾರ್ಕ್ ಟೈಮ್ಸ್‌ನ ಜಾಹೀರಾತಿನಲ್ಲಿ ಇಂಥ ಸಾಲುಗಳು ವಾರವಾರ ಅಚ್ಚಾಗತೊಡಗಿದವು. ಬಿಟ್‌ಕಾಯಿನ್ ಬಂದದ್ದು ಆಮೇಲೆ.

3. ದಾಖಲಿಸಿದ ಕಡತವನ್ನು ಮತ್ತೆ ಮುಟ್ಟಬೇಡಿ.

ಕನ್ನಡದಲ್ಲಿ ಬರೆಯುವವರಿಗೆ ಇದು ದೊಡ್ಡ ತೊಡಕು. ನುಡಿ ತಂತ್ರಾಂಶದಲ್ಲಿ ಟೈಪಿಸಿದ್ದನ್ನು ಯೂನಿಕೋಡ್‌ಗೆ ಬದಲಿಸಿದರೆ, ಪಿಡಿಎಫ್ ಅನ್ನು ಮತ್ತೊಮ್ಮೆ ಸೇವ್ ಮಾಡಿದರೆ ಹ್ಯಾಶ್ ಹೊಂದುವುದಿಲ್ಲ. ಶಾಸನದ ಪಡಿಯಚ್ಚಿನ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಬೇರೆಯೇ ಕಡತವಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಮೂಲ ಕಡತ ಮತ್ತು ದಾಖಲಿಸಿದಾಗ ಸೇವೆ ಕೊಡುವ ಸಾಕ್ಷಿ ಕಡತ ಎರಡನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಇನ್ನೊಂದು ಕಡೆಯೂ ಪ್ರತಿ ಇಡಿ.

4. ಅಳಿಸಲಾಗದ್ದೆಲ್ಲ ನಿಜವಲ್ಲ.

ಶಾಸನ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಮ್ರಪಟದ ಮೇಲೆ ಕೊರೆದದ್ದೂ ಅಳಿಯುವುದಿಲ್ಲ. ಆದರೂ ಗಂಗರ ಹಲವು ತಾಮ್ರಪಟಗಳು ಕೂಟಶಾಸನಗಳೆಂದು, ಅಂದರೆ ನಕಲಿಯೆಂದು, ಶಾಸನತಜ್ಞ ಫ್ಲೀಟ್ ವಾದಿಸಿದರು, ಅವರ ಸಮಕಾಲೀನ ರೈಸ್ ಅದನ್ನು ಒಪ್ಪಲಿಲ್ಲ. ಲಿಪಿ, ತಿಥಿ, ವಂಶಾವಳಿಗಳನ್ನು ಮುಂದಿಟ್ಟುಕೊಂಡು ಅವರು ಬಹಿರಂಗವಾಗಿ ನಡೆಸಿದ ಆ ಜಗಳವೇ ನಿಜವಾದ ಪಿಯರ್ ರಿವ್ಯೂ. ನಮ್ಮ ಮಸ್ಕಿಯನ್ನೇ ನೋಡಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಬಂಡೆಯ ಶಾಸನವನ್ನು ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಪ್ರಕಟಿಸಿದರು. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆ ಅಶೋಕನ ಹೆಸರೂ ಅಲ್ಲಿತ್ತು. 1925ರಲ್ಲಿ ಶಾಸನತಜ್ಞ ಹುಲ್ಟ್ಜ್ ಅದನ್ನು ಮತ್ತೆ ಸಂಪಾದಿಸಿದರು. ಬಂಡೆ ಎಲ್ಲರಿಗೂ ಕಾಣುವಂತಿದ್ದುದರಿಂದ ಪಾಠವನ್ನು ಯಾರು ಬೇಕಾದರೂ ಪರೀಕ್ಷಿಸಬಹುದಿತ್ತು. ಸರಪಳಿ ಕೊಡುವುದು ತಾರೀಖಿನ ಸಾಕ್ಷಿ ಮಾತ್ರ. ಸರಿ ತಪ್ಪುಗಳ ತೀರ್ಮಾನ ಓದಬಲ್ಲವರದೇ.

5. ಪರಾಮರ್ಶಕರ ಹೆಸರಿನ ಬಗ್ಗೆ ಎಚ್ಚರ.

ಪರಾಮರ್ಶೆಯನ್ನೂ ಹೀಗೆ ದಾಖಲಿಸಬಹುದು, ಆದರೆ ರಾಯಚೂರು ದೋಆಬಿನ ಶಾಸನ ಬಲ್ಲವರು ಎಷ್ಟು ಜನ? ಬರವಣಿಗೆಯ ಧಾಟಿಯಿಂದಲೇ ಗುರುತು ಸಿಗುತ್ತದೆ. ಹಿರಿಯರ ಲೇಖನವನ್ನು ಒಪ್ಪದ ಕಿರಿಯರ ಹೆಸರು ಎಂದಿಗೂ ಅಳಿಯದಂತೆ ದಾಖಲಾದರೆ ನಾಳೆ ಸಂದರ್ಶನದಲ್ಲಿ ತೊಂದರೆ ಅವರಿಗೇ. ಪರಾಮರ್ಶೆಯ ಹ್ಯಾಶ್ ಮತ್ತು ತಾರೀಖು ಸರಪಳಿಯಲ್ಲಿರಲಿ, ಹೆಸರು ಸಂಪಾದಕರ ಬಳಿಯೇ ಇರಲಿ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ 'ಲೆಡ್ಜರ್' ಪತ್ರಿಕೆ ಲೇಖನಗಳ ಗುರುತನ್ನು ಬಿಟ್‌ಕಾಯಿನ್ ಸರಪಳಿಗೆ ಸೇರಿಸುವುದರ ಜೊತೆಗೆ ಪರಾಮರ್ಶೆಯನ್ನೂ ಪ್ರಕಟಿಸುತ್ತದೆ. ಲೇಖನ ದಾಖಲಿಸುವ ಮಟ್ಟಿಗೆ ಅದು ನಾವು ಅನುಸರಿಸಬಹುದಾದ ಮಾದರಿ.

6. ಟೋಕನ್ ಆಸೆಗೆ ಬೀಳಬೇಡಿ.

ಪರಾಮರ್ಶಕರಿಗೆ ಕ್ರಿಪ್ಟೊ ಟೋಕನ್ ಕೊಡುವ ಯೋಜನೆಗಳು ಹಲವು ಬಂದವು. ನಮ್ಮಲ್ಲಿ ಇಂಥ ಆಸ್ತಿಯನ್ನು ಮಾರಿ ಪಡೆದ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ 30 ತೆರಿಗೆ ಇದೆ. ಅದಕ್ಕಿಂತ, ಪರಾಮರ್ಶೆ ಮಾಡಿದ್ದನ್ನು ಬಡ್ತಿಯ ಅಂಕಗಳಿಗೆ ಸೇರಿಸಿದರೆ ಅಧ್ಯಾಪಕರಿಗೆ ಹೆಚ್ಚು ಉಪಯೋಗ.

7. ಸಂಪಾದಕರಲ್ಲಿ ಒಂದು ಬೇಡಿಕೆ.

ಕನ್ನಡದ ಸಂಶೋಧನ ಪತ್ರಿಕೆಗಳನ್ನು ನಡೆಸುವವರು ಪ್ರತಿ ಲೇಖನದ ಕೆಳಗೆ ಅದು ತಲುಪಿದ, ಪರಾಮರ್ಶೆಯಾದ, ತಿದ್ದಿ ಮರಳಿದ ದಿನಗಳನ್ನು ಅಚ್ಚು ಮಾಡಲಿ. ಲೇಖನ ತಲುಪಿದ ದಿನವೇ ಅದರ ಹ್ಯಾಶ್ ಅನ್ನು ಲೇಖಕರಿಗೆ ಕಳಿಸಲಿ. ಇದಕ್ಕೆ ಅನುದಾನ ಬೇಡ, ಹೊಸ ಸಾಫ್ಟ್‌ವೇರ್ ಬೇಡ. ಮುಂದಿನ ಸಂಚಿಕೆಯಿಂದಲೇ ಶುರುಮಾಡಬಹುದು, ದಯವಿಟ್ಟು ಮಾಡಿ.