ರಾತ್ರಿಯ ಚಿತ್ರ ಗೋಡೆಗೆ ಬಂದಾಗ

ರಾತ್ರಿ ತೆಗೆದ ಫೋಟೊ ಕ್ಯಾಮೆರಾದಲ್ಲಿ ಅರ್ಧ ಮಾತ್ರ ಆಗಿರುತ್ತದೆ. ಉಳಿದರ್ಧ ಆಗುವುದು ಕಾಗದದ ಮೇಲೆ, ಗೋಡೆಯ ಮೇಲೆ, ನೋಡುವವರ ಎದುರಿಗೆ. ಹೈದರಾಬಾದಿನ ರಾತ್ರಿಗಳನ್ನು ಹಲವು ವರ್ಷ ಚಿತ್ರಿಸಿ, ಆಯ್ದವನ್ನು ಬಂಜಾರಾ ಹಿಲ್ಸ್‌ನ ಒಂದು ಗ್ಯಾಲರಿಯಲ್ಲಿ ಪ್ರದರ್ಶನಕ್ಕಿಟ್ಟಾಗ ನನಗೆ ಮನವರಿಕೆಯಾದ ಸಂಗತಿ ಇದು. ಇಂಥ ಪ್ರದರ್ಶನ ಮಾಡಬೇಕೆಂದಿರುವ ಕಿರಿಯರಿಗೆ ನೆರವಾದೀತೆಂದು, ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲನೆಯದು ಹೊತ್ತಿನ ವಿಚಾರ. ರಾತ್ರಿಯ ಚಿತ್ರಕ್ಕೆ ಪೂರ್ತಿ ಕತ್ತಲಾಗುವ ತನಕ ಕಾಯಬಾರದು. ಸೂರ್ಯ ಮುಳುಗಿದ ಮೇಲೆ ಆಕಾಶ ಕಡುನೀಲಿಯಾಗಿ, ಅದರ ಬೆಳಕೂ ಬೀದಿದೀಪದ ಬೆಳಕೂ ಸರಿದೂಗುವ ಒಂದು ಹೊತ್ತಿದೆ. ಹೈದರಾಬಾದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಊರು. ಇಲ್ಲಿ ಮುಸ್ಸಂಜೆ ಬೇಗ ಮುಗಿಯುತ್ತದೆ. ಆ ಹೊತ್ತು ಅರ್ಧ ಗಂಟೆಯೂ ಸಿಗದು. 1591ರಲ್ಲಿ ಕಟ್ಟಿದ ಚಾರ್‌ಮಿನಾರಿನ ದೀಪ ಬೀಳದ ಅಂಚುಗಳು ಆಕಾಶದಿಂದ ಬೇರೆಯಾಗಿ ಕಾಣುವುದು ಆಗಲೇ. ಹಗಲಲ್ಲೇ ಹೋಗಿ ನಿಲ್ಲುವ ಜಾಗ ಗೊತ್ತು ಮಾಡಿಕೊಂಡವರಿಗೆ ಅದು ದಕ್ಕುತ್ತದೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳ ಒಳಗೆ ಟ್ರೈಪಾಡ್ ಊರಲು ಮುಂಚಿತವಾಗಿ ಅನುಮತಿ ಬೇಕು. ಆ ಕಾಗದವೂ ಜೇಬಿನಲ್ಲಿರಲಿ.

ಎರಡನೆಯದು ಆಯ್ಕೆ. ದೀಪಾಲಂಕಾರದ ಸ್ಮಾರಕಗಳು, ದುರ್ಗಂ ಚೆರುವಿನ ಕೇಬಲ್ ಸೇತುವೆ, ಹುಸೇನ್ ಸಾಗರದ ಬುದ್ಧ, ಇವುಗಳ ಚಿತ್ರ ಎಲ್ಲರ ಫೋನಿನಲ್ಲೂ ಇದೆ. ಗ್ಯಾಲರಿಗೆ ಬಂದವರು ಅವುಗಳ ಮುಂದೆ ‘ಚೆನ್ನಾಗಿದೆ’ ಎಂದು ದಾಟಿ ಹೋದರು. ಅವರು ತಡೆದು ನಿಂತದ್ದು ರಾತ್ರಿಯೆಲ್ಲ ದುಡಿಯುವವರ ಮುಂದೆ: ಬೆಳಗಿನ ಜಾವ ಗುಡಿಮಲ್ಕಾಪುರದಲ್ಲಿ ಚೆಂಡುಹೂವಿನ ಮೂಟೆ ಇಳಿಸುವವರು, 1935ರ ಮೊಅಜ್ಜಮ್ ಜಾಹಿ ಮಾರ್ಕೆಟ್ಟಿನಲ್ಲಿ ಅಂಗಡಿ ಮುಚ್ಚುವ ಹೊತ್ತಿಗೆ ಕುರ್ಚಿ ಪೇರಿಸುವ ಹುಡುಗ, ರಂಜಾನ್ ತಿಂಗಳಲ್ಲಿ ನಡುರಾತ್ರಿ ದಾಟಿದರೂ ಲಾಡ್ ಬಜಾರಿನಲ್ಲಿ ಕೆಂಡದ ಮುಂದೆ ಕೂತು ಬಳೆಯ ಅರಗನ್ನು ಮೆದು ಮಾಡುವ ಕೈಗಳು. ಈ ಅರಗಿನ ಬಳೆಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಅದನ್ನು ಮಾಡುವ ಮುಖಗಳು ಮಾತ್ರ ಊರಿನವರಿಗೇ ಅಷ್ಟಾಗಿ ಪರಿಚಯವಿಲ್ಲ. ಊರಿನ ರಾತ್ರಿ ಎಂದರೆ ಈ ಜನ. ಕಟ್ಟಡ ಅವರ ಬೆನ್ನ ಹಿಂದಿರಲಿ.

ಮೂರನೆಯದು ಮುದ್ರಣ. ಇದರ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ, ಆದರೆ ರಾತ್ರಿಯ ಚಿತ್ರ ಉಳಿಯುವುದೂ ಅಳಿಯುವುದೂ ಇಲ್ಲಿಯೇ. ಕಂಪ್ಯೂಟರಿನ ಪರದೆ ತಾನೇ ಬೆಳಗುತ್ತದೆ. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಪರದೆಯ ಪ್ರಖರತೆ ಇಳಿಸದೆ ತಿದ್ದಿದ ಚಿತ್ರದಲ್ಲಿ ಗೋಡೆಯ ಗಾರೆ, ಕಂಬಳಿಯ ಮಡಿಕೆ, ಮುಖದ ನೆರಳು ಎಲ್ಲ ಕಾಗದಕ್ಕೆ ಬರುವಾಗ ಒಂದೇ ಕಪ್ಪಿನಲ್ಲಿ ಮುಳುಗಿಹೋಗುತ್ತವೆ. ನನಗೆ ಒಗ್ಗಿದ ದಾರಿ ಇಷ್ಟು: ದೊಡ್ಡ ಪ್ರತಿಗೆ ಮೊದಲು ಚಿತ್ರದ ಅತಿ ಕಪ್ಪಾದ ಭಾಗವನ್ನು ಮಾತ್ರ ಸಣ್ಣ ತುಂಡಾಗಿ ಮುದ್ರಿಸಿ, ಗ್ಯಾಲರಿಯ ದೀಪದ ಕೆಳಗೇ ಹಿಡಿದು ನೋಡುವುದು. ಲ್ಯಾಬಿನ ಟ್ಯೂಬ್‌ಲೈಟಿನಲ್ಲಿ ಸರಿಯೆನಿಸಿದ್ದು ಅಲ್ಲಿ ಬೇರೆಯೇ ಕಾಣುತ್ತದೆ. ಇನ್ನು ಚೌಕಟ್ಟಿನ ಗಾಜು. ಬೆಳ್ಳಗಿನ ಚಿತ್ರದ ಮೇಲೆ ಗಾಜಿದ್ದರೆ ತೊಂದರೆಯಿಲ್ಲ, ಕಪ್ಪು ಚಿತ್ರದ ಮೇಲೆ ಅದೇ ಗಾಜು ಕನ್ನಡಿಯಾಗಿಬಿಡುತ್ತದೆ; ನೋಡಲು ಬಂದವರಿಗೆ ಕಾಣುವುದು ತಮ್ಮದೇ ಅಂಗಿಯ ಬಣ್ಣ. ಪ್ರತಿಫಲಿಸದ ಗಾಜು ಸಿಗುತ್ತದೆ, ಬೆಲೆ ಹೆಚ್ಚು. ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ಮುದ್ರಿಸಿ ಗಾಜನ್ನೇ ಬಿಡುವುದು ಮೇಲು. ಮ್ಯಾಟ್ ಕಾಗದದಲ್ಲಿ ಕಪ್ಪಿನ ಆಳ ತುಸು ಕಡಿಮೆಯಾಗುತ್ತದೆ ನಿಜ, ಆದರೆ ಚಿತ್ರ ಕಣ್ಣಿಗೆ ಸಿಗುತ್ತದೆ.

ನಾಲ್ಕನೆಯ ಪಾಠ ಕಾಚಿಗುಡದಿಂದ ಬಂದ ಕನ್ನಡಿಗ ಹಿರಿಯರೊಬ್ಬರು ಹೇಳಿಕೊಟ್ಟದ್ದು. ಅವರು ಕಲಬುರಗಿ ಕಡೆಯವರು. ಆ ಸೀಮೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತಾದ್ದರಿಂದ ಈ ಊರು ಅವರಿಗೆ ಪರವೂರಲ್ಲ. ಒಂದೇ ಓಣಿಯ ಎರಡು ಚಿತ್ರಗಳ ನಡುವೆ ನಿಂತು ಕೇಳಿದರು: “ಏನ್ರಿ, ಈ ಹಳದಿ ದೀಪ ಹೋಗಿ ಬಿಳಿ ದೀಪ ಯಾವಾಗ ಬಂದ್ವು? ಅದನ್ನ ಕೆಳಗ ಬರೀಬೇಕಲ್ಲ?” ಅವರ ಪ್ರಶ್ನೆ ತುಂಬ ದೊಡ್ಡದು. ಸೋಡಿಯಂ ದೀಪದ ಕಾಲದಲ್ಲಿ ನಮ್ಮ ಊರುಗಳ ರಾತ್ರಿಗೆಲ್ಲ ಒಂದೇ ಕಿತ್ತಳೆ ಬಣ್ಣವಿತ್ತು. ಆ ಬೆಳಕಿನಲ್ಲಿ ನೀಲಿಯ ಅಂಶ ಬಹಳ ಕಡಿಮೆ. ನೀಲಿ ಸೀರೆ ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತಿತ್ತು, ಆಮೇಲೆ ಎಷ್ಟು ತಿದ್ದಿದರೂ ಅದರ ಬಣ್ಣ ಮರಳುತ್ತಿರಲಿಲ್ಲ. ಎಲ್‌ಇಡಿ ಬಂದಮೇಲೆ ಬಣ್ಣಗಳು ಮರಳಿದವು, ನೆರಳು ಹರಿತವಾಯಿತು, ಇರುಳೇ ಬೇರೆಯಾಯಿತು. ಹಳೆಯ ಬೆಳಕಿನ ಸಾಕ್ಷಿಯಾಗಿ ಉಳಿದಿರುವುದು ಫೋಟೊಗಳು. ಆದ್ದರಿಂದ ರಾತ್ರಿಯ ಚಿತ್ರದ ಕೆಳಗೆ ಜಾಗದ ಹೆಸರಷ್ಟೇ ಸಾಲದು. ತಿಂಗಳು, ವರ್ಷ, ಹೊತ್ತು, ಯಾವ ದೀಪ ಎಂಬುದೂ ಇರಬೇಕು. ಅವರ ಮಾತಿನಂತೆ ಮರುದಿನವೇ ಅಡಿಬರಹಗಳನ್ನು ಹೊಸದಾಗಿ ಬರೆದು ಅಂಟಿಸಿದೆ.

ಐದನೆಯದು ಗ್ಯಾಲರಿಯ ಬಾಗಿಲು. ಗ್ಯಾಲರಿಗಳು ಸಾಮಾನ್ಯವಾಗಿ ಸಂಜೆ ಏಳಕ್ಕೆ ಮುಚ್ಚುತ್ತವೆ. ಚಿತ್ರದಲ್ಲಿರುವವರು ಹಗಲು ಮಲಗಿ ಸಂಜೆ ಕೆಲಸಕ್ಕೆ ಹೋಗುವವರು. ಅವರು ಬರುವುದು ಹೇಗೆ? ಒಂದು ಭಾನುವಾರ ತಡರಾತ್ರಿಯವರೆಗೆ ಬಾಗಿಲು ತೆರೆದಿಡಲು ಕೇಳಿಕೊಂಡೆ, ಒಪ್ಪಿದರು. ಬಳೆ ಮಾಡುವ ಹಿರಿಯರೊಬ್ಬರು ಮಗಳ ಜೊತೆ ಬಂದರು. ತಮ್ಮ ಕೈಗಳ ಚಿತ್ರವನ್ನು ಬಹಳ ಹೊತ್ತು ನೋಡಿ, ಅರಗು ಯಾವ ಹದದಲ್ಲಿದೆ ಎಂದು ಅಲ್ಲಿದ್ದವರಿಗೆಲ್ಲ ವಿವರಿಸಿದರು. ನಾನು ಬರೆದ ಯಾವ ಅಡಿಬರಹಕ್ಕೂ ಆ ತೂಕವಿರಲಿಲ್ಲ. ಚಿತ್ರದಲ್ಲಿರುವವರಿಗೆ ಒಂದು ಪ್ರತಿ ಕೊಡುವುದನ್ನೂ ಅವರನ್ನು ಪ್ರದರ್ಶನಕ್ಕೆ ಕರೆಯುವುದನ್ನೂ ಖರ್ಚಿನ ಪಟ್ಟಿಯಲ್ಲಿ ಮೊದಲಿಗೇ ಬರೆದುಕೊಳ್ಳಬೇಕು.

ಹೈದರಾಬಾದಿಗೆ ಛಾಯಾಗ್ರಹಣ ಹೊಸದಲ್ಲ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ (1844–1905) ಸಿಕಂದರಾಬಾದಿನಲ್ಲಿ ಸ್ಟುಡಿಯೊ ನಡೆಸಿದವರು. ಅವರ ಎರಡೂವರೆ ಸಾವಿರಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಇಂದು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಕೈಯಲ್ಲಿ ಹಿಡಿಯಬಹುದಾದ ವಸ್ತುವಾಗಿದ್ದುದರಿಂದಲೇ ಅವು ಇಷ್ಟು ಕಾಲ ಬಾಳಿದವು. ಇದೇ ಊರಿನ ಮಾದಾಪುರದ ಸ್ಟೇಟ್ ಗ್ಯಾಲರಿ ಆಫ್ ಆರ್ಟ್‌ನಲ್ಲಿ ಇಂಡಿಯನ್ ಫೋಟೊಗ್ರಫಿ ಫೆಸ್ಟಿವಲ್ ನಡೆಯುತ್ತ ಬಂದಿದೆ. ಅಲ್ಲಿ ಗೋಡೆಯ ಮೇಲಿನ ಚಿತ್ರಗಳನ್ನು ಹತ್ತಿರದಿಂದ ನೋಡುವುದೇ ಒಂದು ಶಿಕ್ಷಣ.

ಕಲಬುರಗಿ, ರಾಯಚೂರು, ಬೀದರಿನ ಹುಡುಗ ಹುಡುಗಿಯರು ಇಂದು ಒಳ್ಳೆಯ ಕ್ಯಾಮೆರಾ ಹಿಡಿದು ರಾತ್ರಿ ಓಡಾಡುತ್ತಿದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ: ವರ್ಷಕ್ಕೆ ಕೆಲವನ್ನಾದರೂ ಒಳ್ಳೆಯ ಕಾಗದದಲ್ಲಿ ಮುದ್ರಿಸಿ, ಹಿಂಬದಿಯಲ್ಲಿ ಊರು, ತಾರೀಖು, ಹೊತ್ತು ಬರೆಯಿರಿ. ದೊಡ್ಡ ಗ್ಯಾಲರಿ ಸಿಗದಿದ್ದರೆ ಊರಿನ ಗ್ರಂಥಾಲಯದ ಗೋಡೆ ಕೇಳಿ. ನೀವು ಯಾರ ಚಿತ್ರ ತೆಗೆದಿರೋ ಅವರನ್ನೇ ಮೊದಲು ಕರೆಯಿರಿ.